ಮಹಾವೀರಾಚಾರ್ಯ: ಒಂದು ಸಂಖ್ಯೆಯ ಹಿನ್ನೆಲೆಯಲ್ಲಿ ಜೀವನ ಪರಿಶೀಲನೆ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭಾ ನದಿಯು ಗುಡ್ಡಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಹಾಯ್ದು ಹೋಗುತ್ತದೆ. ಆ ಇಕ್ಕಟ್ಟಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ಬಳಕೆಗೆ ಬಂದಿತು. ಅದರ ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ಈ ಜಲಾಶಯದ ಒಟ್ಟು ಸಾಮರ್ಥ್ಯ 37.73 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಆದುದರಿಂದ ಆ ನೀರಿನ ಪ್ರಮಾಣ 3773 ಕೋಟಿ ಘನ ಅಡಿ. ಬಿಡಿಸಿ ಬರೆದರೆ 37730000000. ಹನ್ನೊಂದು ಅಂಕಗಳ ಈ ಸಂಖ್ಯೆಯನ್ನು ನಾವು ಇಂದು ಕೋಟಿಯ ಮೇಲೆ ಮತ್ತೆ ಸಾವಿರವನ್ನು ಹೇರಿ ಓದುತ್ತೇವೆ. ಹನ್ನೊಂದನೆಯ ಸ್ಥಾನಕ್ಕೆ ದಿನಬಳಕೆಯ ಕನ್ನಡದಲ್ಲಿ ಸ್ವತಂತ್ರವಾದ ಹೆಸರು ಉಳಿದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಇದೇ ನಾಡನ್ನು ಆಳಿದ ಅರಸನ ಆಶ್ರಯದಲ್ಲಿ ಬರೆದ ಗಣಿತಜ್ಞನೊಬ್ಬನು ಆ ಸ್ಥಾನವನ್ನು ಅರ್ಬುದವೆಂದು ಕರೆದಿದ್ದನು. ಅವನ ಕ್ರಮದಲ್ಲಿ ರೇಣುಕಾಸಾಗರದ ನೀರು 3 ಅರ್ಬುದ, 7 ಶತಕೋಟಿ, 7 ದಶಕೋಟಿ ಹಾಗೂ 3 ಕೋಟಿ ಘನ ಅಡಿಯಾಗುತ್ತದೆ. ಆ ಗಣಿತಜ್ಞನೇ ಗಣಿತಸಾರಸಂಗ್ರಹದ ಕರ್ತೃವಾದ ಮಹಾವೀರಾಚಾರ್ಯ.

ಮಹಾವೀರಾಚಾರ್ಯನ ಹೆಸರು ನಾಡಿನಲ್ಲಿ ಪ್ರಸಿದ್ಧವಾಗಿದೆ. ಆದರೆ ಅವನ ಬಾಳಿನ ವಿವರಗಳನ್ನು ಹೇಳುವ ಶಾಸನವಾಗಲಿ ಚರಿತೆಯಾಗಲಿ ಇಲ್ಲ. ಈ ಕೊರತೆಯನ್ನು ತುಂಬಲು ಜನಪ್ರಿಯ ಬರಹಗಳಲ್ಲಿ ಅವನಿಗೆ ಹುಟ್ಟೂರು, ಹುಟ್ಟಿದ ವರ್ಷ, ಮರಣದ ವರ್ಷಗಳನ್ನು ಆಧಾರವಿಲ್ಲದೆ ಕೊಡುವ ರೂಢಿ ಬೆಳೆದಿದೆ. ಹೀಗೆ ಕಟ್ಟಿದ ಚರಿತ್ರೆಯಿಂದ ಎರಡು ಬಗೆಯ ನಷ್ಟವಾಗುತ್ತದೆ. ಇಲ್ಲದ ಸಂಗತಿ ಸೇರಿಕೊಳ್ಳುತ್ತದೆ. ಇರುವ ಸಂಗತಿ ಕಾಣದೆ ಹೋಗುತ್ತದೆ. ಅವನು ಬಿಟ್ಟುಹೋದ ಗ್ರಂಥವೇ ಅವನ ಬಾಳಿನ ಪ್ರಧಾನ ದಾಖಲೆ. ಅದನ್ನು, ವಿಶೇಷವಾಗಿ ಅದರಲ್ಲಿ ಬರುವ 12345654321 ಎಂಬ ಒಂದು ದೊಡ್ಡ ಸಂಖ್ಯೆಯನ್ನು ಮುಂದಿಟ್ಟುಕೊಂಡು, ಆ ವ್ಯಕ್ತಿಯನ್ನು ಎಷ್ಟರಮಟ್ಟಿಗೆ ತಿಳಿಯಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಕಾಲ ಮತ್ತು ನಾಡು

ಗಣಿತಸಾರಸಂಗ್ರಹದ ಆರಂಭದಲ್ಲಿ ಗ್ರಂಥಕರ್ತನು ಸಂಖ್ಯಾಜ್ಞಾನದ ದೀಪದಿಂದ ಲೋಕವನ್ನು ಬೆಳಗಿದ ಮಹಾವೀರ ಜಿನನಿಗೆ ವಂದಿಸಿ, ಬಳಿಕ ಅಮೋಘವರ್ಷ ನೃಪತುಂಗನನ್ನು ಹಲವು ಪದ್ಯಗಳಲ್ಲಿ ಕೊಂಡಾಡುತ್ತಾನೆ. ಜೀವಿಗಳೆಂಬ ಪೈರು ಈತಿಬಾಧೆ, ಅನಾವೃಷ್ಟಿಗಳಿಲ್ಲದೆ ನಲಿಯುವಂತೆ ಮಾಡಿದವನು, ಸ್ಯಾದ್ವಾದವನ್ನು ಎತ್ತಿಹಿಡಿದವನು ಎಂಬುದು ಆ ಹೊಗಳಿಕೆಯ ಸಾರ. ಅರಸನ ಆಳ್ವಿಕೆ ಅಭಿವೃದ್ಧಿ ಹೊಂದಲಿ ಎಂದು ಹಾರೈಸುವುದರಿಂದ ಗ್ರಂಥರಚನೆಯ ವೇಳೆಗೆ ಅವನು ಸಿಂಹಾಸನದಲ್ಲಿದ್ದನೆಂಬುದು ಸ್ಪಷ್ಟ. ರಾಷ್ಟ್ರಕೂಟ ಅಮೋಘವರ್ಷನು ಕ್ರಿ.ಶ. 814ರಿಂದ 878ರವರೆಗೆ ಆಳಿದನು. ಗಣಿತಸಾರಸಂಗ್ರಹದ ಕಾಲವನ್ನು ಸುಮಾರು ಕ್ರಿ.ಶ. 850 ಎಂದು ವಿದ್ವಾಂಸರು ಇಟ್ಟಿರುವುದು ಈ ಆಧಾರದ ಮೇಲೆ. ಮಹಾವೀರಾಚಾರ್ಯನ ಜೀವನದಲ್ಲಿ ನಾವು ಕೈಯಿಟ್ಟು ತೋರಿಸಬಹುದಾದ ಕಾಲಸೂಚನೆ ಇದೊಂದೇ.

ಆ ಅರಸನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಅಲ್ಲಿನ ವಿದ್ವತ್ ವಲಯವು ಬಹಳ ಸಂಪನ್ನವಾಗಿದ್ದಿತು. ಆದಿಪುರಾಣದ ಜಿನಸೇನಾಚಾರ್ಯ, ಅಮೋಘವೃತ್ತಿಯ ಶಾಕಟಾಯನ, ಕವಿರಾಜಮಾರ್ಗದ ಶ್ರೀವಿಜಯ ಇವರೆಲ್ಲ ಅಮೋಘವರ್ಷನ ಕಾಲದವರು. ಒಂದೇ ಅರಸನ ನೆರಳಿನಲ್ಲಿ ಪುರಾಣ, ವ್ಯಾಕರಣ, ಅಲಂಕಾರ ಮತ್ತು ಗಣಿತಗಳ ಲಕ್ಷಣ ನಿರೂಪಣೆ ನಡೆದುದು ಕಾಕತಾಳೀಯವಲ್ಲ. ಹರಡಿಕೊಂಡಿದ್ದ ತಿಳಿವನ್ನು ಒಟ್ಟುಗೂಡಿಸಿ, ಹೆಸರಿಟ್ಟು, ವಿಂಗಡಿಸಿ, ಉದಾಹರಣೆಯೊಡನೆ ಮುಂದಿಡುವ ಒಂದು ಮನೋಧರ್ಮ ಆ ಕಾಲದ ಈ ಗ್ರಂಥಗಳಲ್ಲಿ ಸಮಾನವಾಗಿ ಕಾಣುತ್ತದೆ.

ಕವಿರಾಜಮಾರ್ಗವು ಕನ್ನಡದ ತಿರುಳನ್ನು ಕಿಸುವೊಳಲ್, ಕೊಪಣ, ಪುಲಿಗೆರೆ ಮತ್ತು ಒಂಕುಂದಗಳ ನಡುವೆ ಗುರುತಿಸಿದುದು ಸರ್ವವಿದಿತ. ಇವುಗಳಲ್ಲಿ ಒಂಕುಂದವು ಬೈಲಹೊಂಗಲ ತಾಲೂಕಿನ ಒಕ್ಕುಂದ, ಕಿಸುವೊಳಲು ಪಟ್ಟದಕಲ್ಲು. ಎರಡೂ ಮಲಪ್ರಭೆಯ ದಂಡೆಯ ಊರುಗಳು. ಅವೆರಡರ ನಡುವೆ ಅದೇ ನದಿಯ ಮೇಲೆ ನವಿಲುತೀರ್ಥವಿದೆ. ಸವದತ್ತಿ, ಅಂದರೆ ಸುಗಂಧವರ್ತಿಯು, ಮುಂದೆ ಕುಂಡಿ ಮೂರುಸಾವಿರ ನಾಡನ್ನು ಆಳಿದ ರಟ್ಟರ ರಾಜಧಾನಿಯಾಯಿತು. ಆ ಮನೆತನದ ಪೃಥ್ವಿರಾಮನು ರಾಷ್ಟ್ರಕೂಟರ ಅಧೀನನಾಗಿ ಸವದತ್ತಿಯಲ್ಲಿ ಜಿನಾಲಯ ಕಟ್ಟಿಸಿದುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಶಾಸನ ಹೆಸರಿಸುವ ಶಕವರ್ಷ 797ರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದ್ದರೂ ಈ ಭಾಗವು ರಾಷ್ಟ್ರಕೂಟರ ಆಡಳಿತಕ್ಕೂ ಜೈನ ವಿದ್ಯೆಗೂ ಒಳಪಟ್ಟಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಇದರಿಂದ ಮಹಾವೀರಾಚಾರ್ಯನು ಈ ಊರಿನವನೆಂದೋ ಆ ಊರಿನವನೆಂದೋ ಸಾಧಿಸುವ ಪ್ರಯತ್ನ ಇಲ್ಲಿಲ್ಲ. ಅವನ ಗ್ರಂಥ ಓಡಾಡಿದ ನಾಡು ಎಂಥದೆಂಬುದನ್ನು ತೋರಿಸುವುದಷ್ಟೇ ಇದರ ಉದ್ದೇಶ.

3. ಗ್ರಂಥದಲ್ಲಿ ಕಾಣುವ ವ್ಯಕ್ತಿ

ಮಹಾವೀರಾಚಾರ್ಯನು ತನ್ನ ತಂದೆತಾಯಿಗಳ ಹೆಸರನ್ನಾಗಲಿ ಗುರುಪರಂಪರೆಯನ್ನಾಗಲಿ ಗ್ರಂಥದಲ್ಲಿ ಹೇಳಿಕೊಂಡಿಲ್ಲ. ಆದರೆ ತನ್ನ ಕೆಲಸ ಯಾವ ಬಗೆಯದೆಂಬುದನ್ನು ಹೇಳಿದ್ದಾನೆ. ಸಮುದ್ರದಿಂದ ರತ್ನವನ್ನು, ಕಲ್ಲಿನಿಂದ ಚಿನ್ನವನ್ನು, ಸಿಂಪಿನಿಂದ ಮುತ್ತನ್ನು ತೆಗೆಯುವಂತೆ ಸಂಖ್ಯಾಜ್ಞಾನದ ಸಾಗರದಿಂದ ಸಾರವನ್ನು ಆಯ್ದುಕೊಂಡಿರುವುದಾಗಿ ಅವನ ನಿವೇದನೆ. ಗಾತ್ರದಲ್ಲಿ ಕಿರಿದಾದರೂ ಅರ್ಥದಲ್ಲಿ ಕಿರಿದಲ್ಲದ ಸಂಗ್ರಹವಿದು ಎಂದು ತಿಳಿಸುತ್ತಾನೆ. ಹಿಂದಿನವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ತನ್ನದು ಆಯ್ಕೆಯ ಕೆಲಸವೆಂದು ಒಪ್ಪಿಕೊಳ್ಳುವ ವಿನಯ ಇಲ್ಲಿದೆ. ಆ ಆಯ್ಕೆಯ ಬೆಲೆಯೇನೆಂಬುದನ್ನು ಬಲ್ಲವನ ಆತ್ಮವಿಶ್ವಾಸವೂ ಇದೆ.

ಗಣಿತದ ವ್ಯಾಪ್ತಿಯ ಬಗ್ಗೆ ಅವನಿಗಿದ್ದ ನಿಲುವು ಗಮನಾರ್ಹವಾದುದು. ಲೌಕಿಕ, ವೈದಿಕ, ಸಾಮಯಿಕ ವ್ಯವಹಾರಗಳೆಲ್ಲದರಲ್ಲಿಯೂ ಎಣಿಕೆ ಬೇಕು. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣಗಳಲ್ಲಿಯೂ ಗಣಿತಕ್ಕೆ ಮನ್ನಣೆಯಿದೆ. ಚರಾಚರಗಳಿಂದ ಕೂಡಿದ ಮೂರು ಲೋಕಗಳಲ್ಲಿ ಗಣಿತವನ್ನು ಬಿಟ್ಟು ಇರುವ ವಸ್ತುವೇ ಇಲ್ಲ. ಹಿಂದಿನವರಾದ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷ ಸಿದ್ಧಾಂತ ಗ್ರಂಥಗಳ ಒಳಗಿನ ಅಧ್ಯಾಯವಾಗಿ ಬರೆದರು. ಮಹಾವೀರಾಚಾರ್ಯನು ಗ್ರಹಗತಿಯ ವಿಷಯವನ್ನು ಹೊರಗಿಟ್ಟು ಗಣಿತವೊಂದಕ್ಕೇ ಪೂರ್ಣಗ್ರಂಥವನ್ನು ಮೀಸಲಿಟ್ಟನು. ಸಂಜ್ಞಾಪ್ರಕರಣ ಮತ್ತು ಎಂಟು ವ್ಯವಹಾರಗಳು ಸೇರಿ ಒಂಬತ್ತು ಅಧ್ಯಾಯಗಳು, ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳು ಅದರಲ್ಲಿವೆ.

ಸಂಜ್ಞಾಪ್ರಕರಣದ ಕೊನೆಗೆ ಅವನು ಗಣಕನಿಗಿರಬೇಕಾದ ಎಂಟು ಗುಣಗಳನ್ನು ಪಟ್ಟಿಮಾಡುತ್ತಾನೆ. ಲೆಕ್ಕವನ್ನು ಬೇಗ ಮುಗಿಸುವುದು, ಉತ್ತರವನ್ನು ಮೊದಲೇ ಊಹಿಸುವುದು, ಆಗದ ಲೆಕ್ಕವನ್ನು ಆಗದೆಂದು ಮೊದಲೇ ಕಾಣುವುದು, ಆಲಸ್ಯವಿಲ್ಲದಿರುವುದು, ಸರಿಯಾಗಿ ಗ್ರಹಿಸುವುದು, ಗ್ರಹಿಸಿದ್ದನ್ನು ಧರಿಸಿಟ್ಟುಕೊಳ್ಳುವುದು, ಹೊಸ ಉಪಾಯವನ್ನು ಹೂಡುವುದು, ತಿಳಿದುದರಿಂದ ತಿಳಿಯದುದನ್ನು ವ್ಯಕ್ತಪಡಿಸುವುದು. ಈ ಪಟ್ಟಿಯನ್ನು ಕೇವಲ ಶಾಸ್ತ್ರಕಾರನ ಮಾತೆಂದು ಓದಲಾಗುವುದಿಲ್ಲ. ಮುಂದೆ ಕುಳಿತ ವಿದ್ಯಾರ್ಥಿಗಳನ್ನು, ಅವರ ಚುರುಕುತನವನ್ನೂ ಸೋಮಾರಿತನವನ್ನೂ ದಿನವೂ ಕಂಡ ಉಪಾಧ್ಯಾಯನ ಅನುಭವ ಇದರ ಹಿಂದಿದೆ. ಮಹಾವೀರಾಚಾರ್ಯನ ವೃತ್ತಿಯ ಬಗ್ಗೆ ಹೊರಗಿನ ದಾಖಲೆ ಇಲ್ಲದಿದ್ದರೂ ಅವನು ಕಲಿಸುವವನಾಗಿದ್ದನೆಂಬುದಕ್ಕೆ ಈ ಎಂಟು ಗುಣಗಳೇ ಸಾಕ್ಷಿ.

4. ಸ್ಥಾನಗಳು ಮತ್ತು ಹೆಸರುಗಳು

ಸಂಖ್ಯೆಯನ್ನು ಬಳಸುವ ಮೊದಲು ಅದಕ್ಕೆ ಹೆಸರಿಡಬೇಕೆಂಬುದು ಅವನ ಕ್ರಮ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ ಎಂದು ಒಟ್ಟು 24 ಸ್ಥಾನಗಳನ್ನು ಅವನು ಹೆಸರಿಸುತ್ತಾನೆ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆಗಳು.

ದೊಡ್ಡ ಸಂಖ್ಯೆಗಳ ಬಗೆಗಿನ ಈ ಆಸಕ್ತಿಗೆ ಜೈನ ಪರಂಪರೆಯಲ್ಲಿ ಆಳವಾದ ಬೇರುಗಳಿವೆ. ಆ ಪರಂಪರೆಯು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರಾಗಿ ವಿಂಗಡಿಸುತ್ತದೆ. ಅನುಯೋಗದ್ವಾರ ಸೂತ್ರದಲ್ಲಿ ಲೋಕದ ಮನುಷ್ಯರ ಎಣಿಕೆಯನ್ನು 96 ಬಾರಿ ಅರ್ಧಿಸಬಹುದಾದ ಸಂಖ್ಯೆಯೆಂದು, ಅದು 29 ಸ್ಥಾನಗಳನ್ನು ಆಕ್ರಮಿಸುತ್ತದೆಂದು ಹೇಳಿದೆ. ಎರಡನ್ನು 96 ಸಲ ಇಟ್ಟು ಗುಣಿಸಿದರೆ ಬರುವ 79228162514264337593543950336 ಎಂಬ ಸಂಖ್ಯೆಯಲ್ಲಿ ಸರಿಯಾಗಿ 29 ಅಂಕಗಳಿವೆ. ಅಂಥ ಸಂಖ್ಯೆಯನ್ನು ಸ್ಥಾನಗಳ ಹೆಸರಿನಿಂದ ಹೇಳದೆ ಎಷ್ಟು ಸಲ ಅರ್ಧವಾಗುತ್ತದೆ ಎಂಬ ಗುಣದಿಂದ ಗುರುತಿಸಿದುದು ಮಹತ್ವದ ಸಂಗತಿ. ಸಂಖ್ಯೆಯ ಗಾತ್ರ ಬೇರೆ, ಅದರ ಗುಣ ಬೇರೆ ಎಂಬ ತಿಳಿವು ಅದರಲ್ಲಿದೆ.

ಸ್ಥಾನಗಳಿಗಷ್ಟೇ ಅಲ್ಲದೆ ಅಂಕಗಳಿಗೂ ಮಹಾವೀರಾಚಾರ್ಯನು ಪದಗಳನ್ನು ಕೊಡುತ್ತಾನೆ. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು ಎಂಬ ಎಲ್ಲರಿಗೂ ತಿಳಿದ ಪದಗಳೊಡನೆ ರತ್ನವೆಂದರೆ ಮೂರು, ದ್ರವ್ಯವೆಂದರೆ ಆರು, ತತ್ತ್ವವೆಂದರೆ ಏಳು, ಕರ್ಮವೆಂದರೆ ಎಂಟು, ಪದಾರ್ಥವೆಂದರೆ ಒಂಬತ್ತು ಎಂಬ ಜೈನ ಪರಿಭಾಷೆ ಅಲ್ಲಿ ಸೇರಿದೆ. ಹೀಗೆ ಅಂಕವು ಪದವಾಗಿ, ಸಂಖ್ಯೆಯು ಪದ್ಯವಾಗಿ ಬಾಯಿಪಾಠಕ್ಕೆ ಒದಗುತ್ತದೆ.

5. ಕಂಠಾಭರಣಗಳು

ಎರಡನೆಯ ಅಧ್ಯಾಯವಾದ ಪರಿಕರ್ಮ ವ್ಯವಹಾರವು ಕೂಡುವ ಕಳೆಯುವ ಲೆಕ್ಕದಿಂದ ಆರಂಭವಾಗದೆ ಗುಣಾಕಾರದಿಂದ ಆರಂಭವಾಗುತ್ತದೆ. ಮೊದಲ ಉದಾಹರಣೆಗಳಲ್ಲಿ ಜಿನಾಲಯಗಳಿಗೆ ಅರ್ಪಿಸುವ ತಾವರೆಗಳು, ಮಣಿಗಳು ಬರುತ್ತವೆ. ಒಂದು ಜಿನಾಲಯಕ್ಕೆ 139 ಪುಷ್ಯರಾಗ ಮಣಿಗಳಾದರೆ 109 ಜಿನಾಲಯಗಳಿಗೆ ಎಷ್ಟು ಎಂಬುದು ಅವುಗಳಲ್ಲೊಂದು. ಉತ್ತರ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಮುಂದೆ ಮಣಿಗಳು ಹಿಂದೆ ಸರಿದು ಸಂಖ್ಯೆಗಳೇ ಮಣಿಗಳಾಗುತ್ತವೆ:

152207 × 73 = 11111111
12345679 × 9 = 111111111
142857143 × 7 = 1000000001
11011011 × 91 = 1002002001
333333666667 × 33 = 11000011000011
27994681 × 441 = 12345654321

ಇಂಥ ಗುಣಲಬ್ಧಗಳನ್ನು ಅವನು ಕಂಠಿಕೆ, ಕಂಠಾಭರಣ, ರಾಜಕಂಠಿಕೆ ಮುಂತಾಗಿ ಕರೆಯುತ್ತಾನೆ. ಕೊರಳ ಹಾರದಲ್ಲಿ ನಡುವೆ ದೊಡ್ಡ ಮಣಿ, ಎರಡೂ ಕಡೆ ಕ್ರಮವಾಗಿ ಕಿರಿದಾಗುವ ಮಣಿಗಳು ಇರುವಂತೆ, ಕೊನೆಯ ಸಂಖ್ಯೆಯಲ್ಲಿ ಅಂಕಗಳು ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತವೆ. ಭಾರವಿ, ಮಾಘರ ಮಹಾಕಾವ್ಯಗಳಲ್ಲಿ ಗತಪ್ರತ್ಯಾಗತವೆಂಬ ಚಿತ್ರಕವಿತ್ವವಿದೆ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದ್ಯಬಂಧವದು. ಅದನ್ನು ಬಲ್ಲ ಆಸ್ಥಾನದಲ್ಲಿ ಈ ಸಂಖ್ಯೆಗಳು ಮೆಚ್ಚುಗೆ ಪಡೆದಿದ್ದರೆ ಆಶ್ಚರ್ಯವಿಲ್ಲ.

ಆದರೆ ಚಿತ್ರಕವಿಗೂ ಗಣಿತಜ್ಞನಿಗೂ ಇಲ್ಲಿ ಒಂದು ವ್ಯತ್ಯಾಸವಿದೆ. ಕವಿಯು ಅಕ್ಷರಗಳನ್ನು ತನಗೆ ಬೇಕಾದಂತೆ ಜೋಡಿಸಬಲ್ಲ. ಗುಣಾಕಾರದ ಉತ್ತರ ಗಣಿತಜ್ಞನ ಇಚ್ಛೆಗೆ ಬಗ್ಗುವುದಿಲ್ಲ. 27994681 ಎಂಬ ಯಾವ ಅಂದವೂ ಇಲ್ಲದ ಸಂಖ್ಯೆಯನ್ನು 441ರಿಂದ ಗುಣಿಸಿದರೆ ಹಾರ ಮೂಡುತ್ತದೆಂದು ತಿಳಿಯಬೇಕಾದರೆ ಹಾರವನ್ನು ಮೊದಲು ಕೈಯಲ್ಲಿ ಹಿಡಿದು, ಅದು ಯಾವ ಯಾವ ಸಂಖ್ಯೆಗಳಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ಹುಡುಕಿರಬೇಕು. ವಿದ್ಯಾರ್ಥಿಗೆ ಗುಣಾಕಾರವಾಗಿ ಒದಗುವ ಲೆಕ್ಕ ಗುರುವಿಗೆ ಅಪವರ್ತನದ ಶೋಧವಾಗಿದ್ದಿತು. ಹೀಗಾಗಿ ಈ ಉದಾಹರಣೆಗಳ ಹಿಂದೆ ಅವನು ಕಳೆದ ದೀರ್ಘವಾದ ಏಕಾಂತದ ಹೊತ್ತು ಅಡಗಿದೆ. ಜೀವನಚರಿತ್ರೆಗೆ ಇದಕ್ಕಿಂತ ಖಚಿತವಾದ ಸಾಮಗ್ರಿ ನಮಗೆ ಬೇರೆಡೆ ಸಿಗಲಾರದು.

6. 12345654321: ಗುಣಗಳು ಮತ್ತು ವರ್ಗೀಕರಣ

ಈ ಸಂಖ್ಯೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ಇದು 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಒಂದರ ಕೆಳಗೊಂದು ಆರು ಸಾಲುಗಳು, ಪ್ರತಿ ಸಾಲು ಒಂದೊಂದು ಮನೆ ಎಡಕ್ಕೆ ಸರಿದು ಬರುತ್ತವೆ. ಕಂಬಸಾಲಿನಲ್ಲಿ ಕೂಡಿದಾಗ ಬಲತುದಿಯಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಎಡತುದಿಯಲ್ಲಿ ಮತ್ತೆ ಒಂದು. ಎಲ್ಲಿಯೂ ಮೊತ್ತ ಹತ್ತನ್ನು ಮುಟ್ಟದುದರಿಂದ ದಶಕವು ಮುಂದಿನ ಮನೆಗೆ ಸಾಗುವುದಿಲ್ಲ, ಹಾರ ಕದಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಇದು ಹೀಗೆಯೇ ನಡೆಯುತ್ತದೆ. ಹತ್ತು ಒಂದುಗಳನ್ನಿಟ್ಟರೆ ನಡುವಿನ ಮಣಿ ಒಡೆಯುತ್ತದೆ.

ವರ್ಗವನ್ನು ಕಾಣುವ ಹಲವು ದಾರಿಗಳನ್ನು ಮಹಾವೀರಾಚಾರ್ಯನೇ ಹೇಳಿದ್ದಾನೆ. ಒಂದರಿಂದ ಆರಂಭಿಸಿ ಎರಡೆರಡು ಹೆಚ್ಚಿಸುತ್ತ ಹೋಗುವ ಶ್ರೇಢಿಯ ಮೊತ್ತವೂ ವರ್ಗವೇ ಎಂಬುದು ಅವುಗಳಲ್ಲೊಂದು. ಆ ಪ್ರಕಾರ ನಮ್ಮ ಸಂಖ್ಯೆಯು 1, 3, 5 ಎಂದು ಮೊದಲ್ಗೊಂಡು 222221ರವರೆಗಿನ 111111 ಬೆಸಸಂಖ್ಯೆಗಳ ಮೊತ್ತವಾಗುತ್ತದೆ.

ಇನ್ನು ಅಪವರ್ತನಗಳು. 111111 ಎಂಬುದು 111 ಮತ್ತು 1001ರ ಗುಣಲಬ್ಧ. 111ನ್ನು ಒಡೆದರೆ 3 ಮತ್ತು 37. 1001ನ್ನು ಒಡೆದರೆ 7, 11 ಮತ್ತು 13. ಆದುದರಿಂದ 12345654321ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಪ್ರತಿಯೊಂದೂ ಎರಡೆರಡು ಸಲ. ಮಹಾವೀರಾಚಾರ್ಯನು ಆಯ್ದ 441 ಎಂಬುದು 3 ಮತ್ತು 7ರ ಗುಣಲಬ್ಧವಾದ 21ರ ವರ್ಗ. ಉಳಿದ 11, 13, 37ರ ಗುಣಲಬ್ಧ 5291. ಅದರ ವರ್ಗವೇ 27994681. ಅಂದರೆ ಅವನು ಒಂದು ವರ್ಗವನ್ನು ಎರಡು ವರ್ಗಗಳಾಗಿ ಬಿಡಿಸಿ, ಒಂದನ್ನು ಗುಣ್ಯವಾಗಿಯೂ ಇನ್ನೊಂದನ್ನು ಗುಣಕವಾಗಿಯೂ ವಿದ್ಯಾರ್ಥಿಯ ಮುಂದಿಟ್ಟಿದ್ದಾನೆ.

ಈ ಅಪವರ್ತನಗಳು ಕೈಗೆ ಬಂದ ಮೇಲೆ ಸಂಖ್ಯೆಯನ್ನು ವರ್ಗೀಕರಿಸುವುದು ಸುಲಭ. ಇದು ಬೆಸ. ಇದು ವರ್ಗ, ಆದರೆ ಘನವಲ್ಲ. ಒಂದು ಮತ್ತು ತಾನು ಸೇರಿ ಇದಕ್ಕೆ 243 ಭಾಜಕಗಳಿವೆ. ವರ್ಗವಾದುದರಿಂದಲೇ ಭಾಜಕಗಳ ಎಣಿಕೆ ಬೆಸವಾಗಿದೆ. ಕ್ರಿ.ಶ. 100ರ ಸುಮಾರಿನ ಗ್ರೀಕ್ ಗಣಿತಜ್ಞ ನಿಕೋಮಾಕಸನು ಸಂಖ್ಯೆಗಳನ್ನು ಅವುಗಳ ಭಾಜಕಗಳ ಮೊತ್ತಕ್ಕೆ ಹೋಲಿಸಿ ಪೂರ್ಣ, ನ್ಯೂನ, ಅಧಿಕ ಎಂದು ವಿಂಗಡಿಸಿದನು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೆ ಸಮನಾದರೆ ಪೂರ್ಣ, ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಅಧಿಕ. ನಮ್ಮ ಸಂಖ್ಯೆಯ 242 ಭಾಜಕಗಳ ಮೊತ್ತ 13029870672. ಇದು ಮೂಲಸಂಖ್ಯೆಗಿಂತ 684216351ರಷ್ಟು ಹೆಚ್ಚು. ಆದುದರಿಂದ 12345654321 ಅಧಿಕ ಸಂಖ್ಯೆ. ಬೆಸಸಂಖ್ಯೆಗಳಲ್ಲಿ ಅಧಿಕವಾದವು ವಿರಳ. ಅವುಗಳಲ್ಲಿ ಅತಿ ಚಿಕ್ಕದು 945. ಈ ವರ್ಗೀಕರಣ ಮಹಾವೀರಾಚಾರ್ಯನದಲ್ಲ, ನಾವು ಅವನ ಸಂಖ್ಯೆಗೆ ಹಚ್ಚಿ ನೋಡಿದುದು. ಆದರೂ ಅವನು ಆಯ್ದ ಮಣಿ ಎಷ್ಟು ಹುರುಳುಳ್ಳದ್ದೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಎರಡು ಬಗೆಯ ಗುಣಗಳನ್ನು ಬೇರ್ಪಡಿಸಬೇಕು. ಅಂಕಗಳ ಸಾಲಿನಿಂದ ಬರುವ ಗುಣ ಒಂದು. ಅಪವರ್ತನಗಳಿಂದ ಬರುವ ಗುಣ ಇನ್ನೊಂದು. ಮೊದಲನೆಯದು ನಾವು ಹತ್ತರ ಮಾನದಲ್ಲಿ ಬರೆಯುತ್ತೇವೆಂಬುದನ್ನು ಅವಲಂಬಿಸಿದೆ. ಎರಡನೆಯದು ಯಾವ ಬರವಣಿಗೆಯನ್ನೂ ಅವಲಂಬಿಸಿಲ್ಲ. ರೇಣುಕಾಸಾಗರದ 3773 ಕೋಟಿಯನ್ನೇ ನೋಡಬಹುದು. 3773 ಕೂಡ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಸಂಖ್ಯೆ. ಏಳನ್ನು ಮೂರು ಸಲ ಇಟ್ಟು ಗುಣಿಸಿ ಹನ್ನೊಂದರಿಂದ ಗುಣಿಸಿದರೆ ಅದು ಬರುತ್ತದೆ. ಆದರೆ ನೀರನ್ನು ಘನ ಅಡಿಗೆ ಬದಲು ಘನ ಮೀಟರಿನಲ್ಲಿ ಅಳೆದರೆ ಈ ಹಾರ ಇಲ್ಲವಾಗುತ್ತದೆ. ಅದು ನೀರಿನ ಗುಣವಲ್ಲ, ಅಳತೆಗೋಲಿನ ಆಕಸ್ಮಿಕ. ದೇವಳಾಲಿಯ ಶಾಲಾಶಿಕ್ಷಕ ದ. ರಾ. ಕಾಪ್ರೇಕರ್ (1905–1986) ಅವರು ತನ್ನ ಅಂಕಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಹರ್ಷದ ಎಂದು ಹೆಸರಿಟ್ಟರು. 3773ರ ಅಂಕಗಳ ಮೊತ್ತ 20, ಅದು ಹರ್ಷದವಲ್ಲ. ಅದರ ಮುಂದೆ ಏಳು ಸೊನ್ನೆ ಸೇರಿಸಿದ 37730000000 ಮಾತ್ರ ಹರ್ಷದವಾಗುತ್ತದೆ. 12345654321ರ ಅಂಕಗಳ ಮೊತ್ತ 36. ಬೆಸಸಂಖ್ಯೆಯಾದುದರಿಂದ ಅದು ಹರ್ಷದವಾಗದು. ಅಂಕಗಳಿಂದ ಬರುವ ಗುಣಗಳು ಹೀಗೆ ಬರವಣಿಗೆಯೊಡನೆ ಬರುತ್ತವೆ, ಅದರೊಡನೆಯೇ ಹೋಗುತ್ತವೆ.

ಮಹಾವೀರಾಚಾರ್ಯನ ಹಾರದಲ್ಲಿ ಅಂದವೂ ಅಪವರ್ತನವೂ ಒಂದನ್ನೊಂದು ಹಿಡಿದುಕೊಂಡಿವೆ. ಹತ್ತಕ್ಕೆ ಬದಲು ಏಳರ ಮಾನದಲ್ಲಾಗಲಿ ಹನ್ನೆರಡರ ಮಾನದಲ್ಲಾಗಲಿ ಆರು ಒಂದುಗಳನ್ನು ಬರೆದು ವರ್ಗಿಸಿದರೂ ಅದೇ 12345654321 ಎಂಬ ಸಾಲು ಬರುತ್ತದೆ. ಸಂಖ್ಯೆ ಬೇರೆ, ಹಾರ ಅದೇ. ಎಣಿಕೆಯ ಮಾನ ಆರಕ್ಕಿಂತ ದೊಡ್ಡದಾಗಿದ್ದರೆ ಸಾಕು. ಈ ಸಾಲು ಹತ್ತರ ಮಾನದ ಆಕಸ್ಮಿಕವಲ್ಲ, ವರ್ಗೀಕರಣದ ಕ್ರಿಯೆಯದೇ ರೂಪ. ಇದನ್ನು ಆಟವೆಂದು ತಳ್ಳಿಹಾಕಲಾಗದಿರುವುದಕ್ಕೆ ಇದೇ ಕಾರಣ.

7. ಮಿತಿಗಳು

ಮಹಾವೀರಾಚಾರ್ಯನ ಸಾಧನೆಯನ್ನು ಹೇಳುವಾಗ ಅವನ ತಪ್ಪನ್ನು ಮರೆಮಾಚಬೇಕಾಗಿಲ್ಲ. ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಬರುತ್ತದೆ, ಸೊನ್ನೆಯನ್ನು ಕೂಡಿದರೂ ಕಳೆದರೂ ಸಂಖ್ಯೆ ಬದಲಾಗದು ಎಂದು ಸರಿಯಾಗಿ ಹೇಳಿದ ಅವನು, ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದು ಎಂದನು. ಇದು ಸರಿಯಲ್ಲ. ಹಂಚಿಕೊಳ್ಳುವವರೇ ಇಲ್ಲದಿದ್ದರೆ ವಸ್ತು ಇದ್ದಂತೆಯೇ ಉಳಿಯುತ್ತದೆಂಬ ಲೋಕರೂಢಿಯ ವಿಚಾರ ಇದರ ಹಿಂದೆ ಇದ್ದಿರಬಹುದು. ಇದಕ್ಕೆ ಎದುರಾಗಿ, ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ನುಡಿದನು. ಅವನ ಎಂಟು ಗುಣಗಳ ಪಟ್ಟಿಯಲ್ಲಿ ಆಗದ ಲೆಕ್ಕವನ್ನು ಆಗದೆಂದು ಕಾಣುವುದೂ ಒಂದಷ್ಟೆ. ಒಂದೆಡೆ ಆ ಗುಣ ಅವನಿಗೆ ಒದಗಿತು, ಇನ್ನೊಂದೆಡೆ ಕೈಕೊಟ್ಟಿತು. ಭಿನ್ನರಾಶಿಗಳನ್ನು ಕೂಡಲು ನಿರುದ್ಧವೆಂಬ ಹೆಸರಿನಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸಿದುದು, ಒಂದನ್ನು ಅಂಶ ಒಂದೇ ಇರುವ ಭಿನ್ನಗಳ ಮೊತ್ತವಾಗಿ ಬಿಡಿಸುವ ಸೂತ್ರ, ಹಲವು ವಸ್ತುಗಳಲ್ಲಿ ಕೆಲವನ್ನು ಆಯುವ ವಿಧಗಳ ಸಾಮಾನ್ಯ ಸೂತ್ರ ಇವು ಅವನ ಗಟ್ಟಿ ಕೊಡುಗೆಗಳು. ಒಂದನ್ನು ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು ಮತ್ತು ಹದಿನೆಂಟನೆಯ ಒಂದು ಭಾಗಗಳಾಗಿ ಬಿಡಿಸಿದರೆ ಉಳಿಕೆಯಿಲ್ಲದೆ ಹೊಂದುವುದನ್ನು ಯಾರೂ ಪರೀಕ್ಷಿಸಬಹುದು.

8. ಗ್ರಂಥದ ಬಾಳು

ಕರ್ತೃವಿನ ಬಾಳು ಕಾಣದಾದರೂ ಕೃತಿಯ ಬಾಳು ಕಾಣುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದ ಗ್ರಂಥಗಳಿಂದ ಕನ್ನಡದಲ್ಲಿಯೇ ಗಣಿತವನ್ನು ನೆಲೆಗೊಳಿಸಿದನು. ಅವನ ಊರು ಪೂವಿನಬಾಗೆ. ಅದನ್ನು ಬೆಳಗಾವಿ ಜಿಲ್ಲೆಯ ರಾಯಬಾಗದೊಡನೆ ಗುರುತಿಸಲಾಗಿದೆ. ಹಾಗಾದರೆ ಅದು ರಟ್ಟರ ಕುಂಡಿನಾಡು. ಅವನ ಕಾಲವನ್ನು ಕೆಲವರು ಸುಮಾರು 1120 ಎಂದೂ ಇನ್ನು ಕೆಲವರು ಸುಮಾರು 1190 ಎಂದೂ ಎಣಿಸುತ್ತಾರೆ. ರಾಜಾದಿತ್ಯನು ತನ್ನ ತಂದೆ ಶ್ರೀಪತಿ, ತಾಯಿ ವಸಂತೆ, ಗುರು ಶುಭಚಂದ್ರ ಎಂದು ಹೇಳಿಕೊಂಡಿದ್ದಾನೆ. ಮಹಾವೀರಾಚಾರ್ಯನು ಹೇಳದೆ ಬಿಟ್ಟುದನ್ನು ಅವನ ದಾರಿಯಲ್ಲಿ ನಡೆದವನು ಹೇಳಿದ್ದಾನೆ.

ಗಣಿತಸಾರಸಂಗ್ರಹದ ಮೂಲವು ಸಂಸ್ಕೃತದಲ್ಲಿದ್ದರೂ ಅದನ್ನು ಉಳಿಸಿದ ತಾಳೆಗರಿಗಳಲ್ಲಿ ಕನ್ನಡ ಲಿಪಿಯವು, ಕನ್ನಡ ಟೀಕೆಯುಳ್ಳವು ಮುಖ್ಯವಾದವು. ವಲ್ಲಭನ ಕನ್ನಡ ಟೀಕೆ ಪ್ರಸಿದ್ಧವಾಗಿದೆ. ಮೂಡುಬಿದಿರೆಯ ಜೈನ ಭಂಡಾರದ ಪ್ರತಿಯೂ ಸಂಪಾದನೆಗೆ ಒದಗಿತು. ಮದರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಈ ಪ್ರತಿಗಳನ್ನು ಕಲೆಹಾಕಿ ಇಂಗ್ಲಿಷ್ ಅನುವಾದದೊಡನೆ ಸಿದ್ಧಪಡಿಸಿದ ಆವೃತ್ತಿಯನ್ನು ಮದರಾಸು ಸರ್ಕಾರ 1912ರಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು, 1908ರಲ್ಲಿ ರೋಮ್ ನಗರದಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಮೆರಿಕೆಯ ಡೇವಿಡ್ ಯೂಜೀನ್ ಸ್ಮಿತ್ ಅವರು ಈ ಗ್ರಂಥವನ್ನು ಪರಿಚಯಿಸಿದ್ದರು. 1963ರಲ್ಲಿ ಸೊಲ್ಲಾಪುರದಿಂದ ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದವೂ 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮ ಅವರ ಕನ್ನಡ ಅನುವಾದವೂ ಹೊರಬಂದವು. ಮಾನ್ಯಖೇಟದ ಅರಸನ ಕಾಲದಲ್ಲಿ ಹುಟ್ಟಿದ ಪುಸ್ತಕ ಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಗಲು ಸಾವಿರದ ನೂರೈವತ್ತು ವರ್ಷಗಳೇ ಬೇಕಾದವು.

9. ಉಪಸಂಹಾರ

ಒಟ್ಟಿನಲ್ಲಿ ಮಹಾವೀರಾಚಾರ್ಯನ ಜೀವನದ ಬಗ್ಗೆ ಆಧಾರಸಹಿತವಾಗಿ ಹೇಳಬಹುದಾದುದು ಇಷ್ಟು. ಅವನು ಜೈನ ಧರ್ಮೀಯ, ಅಮೋಘವರ್ಷನ ಸಮಕಾಲೀನ, ಕಲಿಸುವುದರಲ್ಲಿ ನುರಿತವನು, ಗಣಿತವನ್ನು ಜ್ಯೋತಿಷದಿಂದ ಬಿಡಿಸಿ ತನ್ನ ಕಾಲ ಮೇಲೆ ನಿಲ್ಲಿಸಿದವನು, ಸಂಖ್ಯೆಗೆ ಹೆಸರನ್ನೂ ಸ್ಥಾನವನ್ನೂ ಕೊಟ್ಟು, ಅದರ ಹೊರರೂಪದ ಹಿಂದಿನ ಅಪವರ್ತನಗಳನ್ನು ತಾಳ್ಮೆಯಿಂದ ಹುಡುಕಿದವನು. ಹುಟ್ಟೂರಿನ ಹೆಸರನ್ನು ಕಲ್ಪಿಸಿ ಸೇರಿಸುವುದರಿಂದ ಈ ಚಿತ್ರ ತುಂಬುವುದಿಲ್ಲ, ನಂಬಿಕೆ ಕುಂದುತ್ತದೆ. ಲೆಕ್ಕದಲ್ಲಿ ಒಂದು ಅಂಕ ತಪ್ಪಿದರೂ ಹಾರ ಕೆಡುತ್ತದೆಂದು ತೋರಿಸಿದವನ ಚರಿತ್ರೆಯಲ್ಲಿ ಆ ನಿಷ್ಠೆಯನ್ನಾದರೂ ನಾವು ಪಾಲಿಸಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಶಾಲೆಗಳಲ್ಲಿ ಗುಣಾಕಾರ ಕಲಿಸುವ ಶಿಕ್ಷಕರಿಗೆ ರೇಣುಕಾಸಾಗರದ ನೀರನ್ನು ಅರ್ಬುದದಲ್ಲಿ ಓದಿಸುವುದಾಗಲಿ 27994681ನ್ನು 441ರಿಂದ ಗುಣಿಸಲು ಹೇಳುವುದಾಗಲಿ ಕಷ್ಟವಲ್ಲ. ಹಲಗೆಯ ಮೇಲೆ ಉತ್ತರ ಮೂಡಿದಾಗ ಮಗುವಿಗೆ ಆಗುವ ಬೆರಗು ಒಂಬತ್ತನೆಯ ಶತಮಾನದ ವಿದ್ಯಾರ್ಥಿಗೆ ಆದುದಕ್ಕಿಂತ ಬೇರೆಯಲ್ಲ. ಮಹಾವೀರಾಚಾರ್ಯನ ಬಾಳಿನಲ್ಲಿ ನಾವು ಇಂದಿಗೂ ನಮ್ಮ ಕೈಯಾರೆ ಪರೀಕ್ಷಿಸಿ ಹೌದೆನ್ನಬಹುದಾದ ಗಳಿಗೆ ಅದು.